ಮಗುವಿನ ಊರು ಯಾವುದು?

ಬಾಗಲೂರಿನ ಬಸ್ ನಿಲ್ದಾಣದಲ್ಲಿ ಗುರುತಿಲ್ಲದ ಮಗುವೊಂದು ಎದುರಾದರೆ ಹಿರಿಯರು ಮೊದಲು ಕೇಳುವ ಪ್ರಶ್ನೆ: 'ಯಾವೂರು ಮಗಾ ನಿಮ್ದು?' ಹೆಸರು ಆಮೇಲೆ, ಶಾಲೆ ಇನ್ನೂ ಆಮೇಲೆ. ಊರು ಗೊತ್ತಾದರೆ ಮನೆತನ ಗೊತ್ತಾಗುತ್ತದೆ, ಎಲ್ಲೋ ಒಂದು ಕಡೆ ನೆಂಟಸ್ತಿಕೆಯ ಎಳೆ ಸಿಕ್ಕುತ್ತದೆ ಎಂಬುದು ಹಳಬರ ಲೆಕ್ಕ. ಆದರೆ ಈ ಸರಳ ಪ್ರಶ್ನೆಗೆ ಥಟ್ಟನೆ ಉತ್ತರ ಹೇಳಲಾಗದ ಮಕ್ಕಳೂ ಈಗ ಇದ್ದಾರೆ. ಹುಟ್ಟಿದ್ದು ಅಮೆರಿಕದಲ್ಲಿ, ಪಾಸ್‌ಪೋರ್ಟ್ ಆ ದೇಶದ್ದು, ಅಜ್ಜಿಯ ಮನೆ ಇಲ್ಲಿ, ಅಪ್ಪ ಒಂದು ಖಂಡದಲ್ಲಿ, ಅಮ್ಮ ಇನ್ನೊಂದು ಖಂಡದಲ್ಲಿ.

ಬೆಂಗಳೂರಿನ ಉತ್ತರಕ್ಕೆ, ಯಲಹಂಕದಿಂದಾಚೆ, ಜಾಲ ಹೋಬಳಿಗೆ ಸೇರಿದ ಬಾಗಲೂರು ಬಹುಕಾಲ ರಾಗಿ ಹೊಲ, ದ್ರಾಕ್ಷಿ ತೋಟಗಳ ಸೀಮೆಯ ಹಳ್ಳಿಯಾಗಿತ್ತು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ಬಳಿ ಅಂತರರಾಷ್ಟ್ರೀಯ ವಿಮಾನ ನಿಲ್ದಾಣ ಆರಂಭವಾದ ಮೇಲೆ ಈ ಭಾಗದ ಚಹರೆಯೇ ಬದಲಾಯಿತು. ಹೊಲಗಳು ಸೈಟುಗಳಾದವು, ಸೈಟುಗಳಲ್ಲಿ ಅಪಾರ್ಟ್‌ಮೆಂಟುಗಳು ಎದ್ದವು. ಹೊರದೇಶದಲ್ಲಿ ದುಡಿಯುವ ಮಗನೋ ಮಗಳೋ ತಂದೆತಾಯಿಗೆಂದು ಕೊಂಡ ಮನೆಗಳೂ ಇವುಗಳಲ್ಲಿವೆ. ಯಾರಾದರೂ ಬಂದಿಳಿದರೆ ವಿಮಾನ ನಿಲ್ದಾಣ ಹತ್ತಿರ ಎಂಬುದು ಒಂದು ಅನುಕೂಲ. ಹೊರಟುಹೋಗುವುದಕ್ಕೂ ಅದು ಅಷ್ಟೇ ಹತ್ತಿರ.

ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ಒಂದೇ ಸೂರಿನ ಕೆಳಗಿನ ಜಗಳವನ್ನು ಕಂಡು ಹುಟ್ಟಿದ್ದು. ಆ ಜಗಳಕ್ಕೆ ಎರಡು ದೇಶ, ಎರಡು ಕಾನೂನು, ಸುಮಾರು ಹತ್ತು ಗಂಟೆಗಳ ಕಾಲವ್ಯತ್ಯಾಸ ಸೇರಿಕೊಂಡರೆ ಕೂಸಿನ ಗತಿ ಏನು? ವಿಚ್ಛೇದನದ ವ್ಯಾಜ್ಯದಲ್ಲಿ ಆಸ್ತಿಯನ್ನು ಪಾಲು ಮಾಡಬಹುದು, ಜೀವನಾಂಶವನ್ನು ಗೊತ್ತುಮಾಡಬಹುದು. ಮಗುವನ್ನು ಮಾತ್ರ ಒಂದೇ ಹೊತ್ತಿಗೆ ಎರಡು ದೇಶಗಳಲ್ಲಿ ಇರಿಸಲು ಯಾವ ನ್ಯಾಯಾಧೀಶರಿಂದಲೂ ಆಗದು. ಹೀಗಾಗಿ ಬಸ್ ನಿಲ್ದಾಣದ ಆ ಪ್ರಶ್ನೆ ಕೊನೆಗೆ ನ್ಯಾಯಾಲಯದ ಕಟಕಟೆ ಹತ್ತುತ್ತದೆ. ಈ ಮಗುವಿನ ಊರು ಯಾವುದು?

ಹಡಗಿನ ಕಾಲದ ಕಾನೂನು

ಈ ಪ್ರಶ್ನೆಗೆ ನಮ್ಮಲ್ಲಿರುವ ಮುಖ್ಯ ಕಾನೂನು 1890ರ ಪೋಷಕರ ಮತ್ತು ಪೋಷಿತರ ಕಾಯ್ದೆ. ವಿಮಾನವೇ ಇಲ್ಲದ, ಸೀಮೆ ದಾಟಬೇಕಾದರೆ ವಾರಗಟ್ಟಲೆ ಹಡಗಿನಲ್ಲಿ ಕೂರಬೇಕಾಗಿದ್ದ ಕಾಲದಲ್ಲಿ ರೂಪುಗೊಂಡ ಕಾಯ್ದೆ ಇದು. ಎಲ್ಲ ಧರ್ಮದವರಿಗೂ ಅನ್ವಯಿಸುತ್ತದೆ. ಮಗು 'ಸಾಮಾನ್ಯವಾಗಿ ವಾಸಿಸುವ' ಸ್ಥಳದ ಮೇಲೆ ಅಧಿಕಾರವುಳ್ಳ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಬೇಕು ಎನ್ನುತ್ತದೆ ಅದರ 9ನೇ ಕಲಮು. ಬಸ್ ನಿಲ್ದಾಣದ ಹಿರಿಯರ ಪ್ರಶ್ನೆ ಇಲ್ಲಿ ಕಾನೂನಿನ ಭಾಷೆ ತೊಟ್ಟು ನಿಂತಿದೆ. ನ್ಯಾಯಾಲಯದಿಂದ ನೇಮಕಗೊಂಡ ಪೋಷಕರು ಅದರ ಅನುಮತಿಯಿಲ್ಲದೆ ಮಗುವನ್ನು ಅದರ ವ್ಯಾಪ್ತಿಯಿಂದ ಹೊರಗೆ ಒಯ್ಯಬಾರದು ಎನ್ನುತ್ತದೆ 26ನೇ ಕಲಮು. ಮಗು ತನ್ನ ಇಷ್ಟವನ್ನು ತಿಳಿದು ಹೇಳುವಷ್ಟು ಬೆಳೆದಿದ್ದರೆ ಆ ಮಾತನ್ನೂ ಗಮನಿಸಬಹುದೆಂದು 17ನೇ ಕಲಮು ಹೇಳುತ್ತದೆ.

ಹಿಂದೂಗಳಿಗೆ ಇದರ ಜೊತೆಗೆ 1956ರ ಅಪ್ರಾಪ್ತವಯಸ್ಕತೆ ಮತ್ತು ಪೋಷಕತ್ವದ ಕಾಯ್ದೆ ಇದೆ. ಐದು ವರ್ಷ ತುಂಬದ ಮಗು ಸಾಮಾನ್ಯವಾಗಿ ತಾಯಿಯ ಬಳಿ ಇರತಕ್ಕದ್ದು ಎಂಬ ನಿಯಮ ಅದರದ್ದು. ತಂದೆ, 'ಅವನ ತರುವಾಯ' ತಾಯಿ ಸಹಜ ಪೋಷಕರು ಎಂಬ ಮಾತೂ ಅದರಲ್ಲಿತ್ತು. 'ತರುವಾಯ' ಎಂದರೆ ತಂದೆ ಸತ್ತ ಮೇಲೆ ಎಂದೇ ಅರ್ಥವಲ್ಲ, ತಂದೆ ಬದುಕಿದ್ದಾಗಲೂ ಸಂದರ್ಭಕ್ಕೆ ತಕ್ಕಂತೆ ತಾಯಿಯೇ ಸಹಜ ಪೋಷಕಿಯಾಗಬಹುದು ಎಂದು ಸುಪ್ರೀಂ ಕೋರ್ಟ್ 1999ರಲ್ಲಿ ಲೇಖಕಿ ಗೀತಾ ಹರಿಹರನ್ ಅವರ ಪ್ರಕರಣದಲ್ಲಿ ವಿವರಿಸಿತು. ಇದೇ ಕಾಯ್ದೆಯ 13ನೇ ಕಲಮು ಎಲ್ಲಕ್ಕಿಂತ ಮುಖ್ಯವಾದದ್ದು. ಮಗುವಿನ ಹಿತವೇ ಪರಮ, ಉಳಿದದ್ದೆಲ್ಲ ಅದರ ನಂತರ.

ಮಗುವಿನ ಹಿತವೇ ಪರಮ ಎಂಬ ಮಾತಿಗೆ ಯಾರ ತಕರಾರೂ ಇಲ್ಲ. ತಕರಾರು ಇರುವುದು ಆ ಹಿತ ಯಾವ ದೇಶದಲ್ಲಿದೆ ಎಂಬುದರಲ್ಲಿ.

ಹೋಗುವವರು, ಕರೆತಂದವರು

ಇಂಥ ವ್ಯಾಜ್ಯಗಳಲ್ಲಿ ಎರಡು ಬಗೆ. ಒಂದು, ಇಲ್ಲಿಯೇ ಬೆಳೆಯುತ್ತಿರುವ ಮಗುವನ್ನು ತಂದೆ ಅಥವಾ ತಾಯಿ ತಮ್ಮ ನೌಕರಿಯ ಜೊತೆಗೆ ಹೊರದೇಶಕ್ಕೆ ಕರೆದೊಯ್ಯಲು ಬಯಸುವುದು. ಇನ್ನೊಂದು, ಹೊರದೇಶದಲ್ಲಿ ಬೆಳೆಯುತ್ತಿದ್ದ ಮಗುವನ್ನು ರಜೆಗೆಂದೋ ಜಗಳವಾಡಿಕೊಂಡೋ ಇಲ್ಲಿಗೆ ಕರೆತಂದು ವಾಪಸು ಹೋಗದಿರುವುದು. ಮೊದಲನೆಯದರಲ್ಲಿ ಸಾಮಾನ್ಯವಾಗಿ ಅನುಮತಿ ಕೇಳಿ ಹೊರಡುತ್ತಾರೆ. ಎರಡನೆಯದರಲ್ಲಿ ಮೊದಲು ವಿಮಾನ, ಆಮೇಲೆ ವಕೀಲರು.

ಮೊದಲ ಬಗೆಗೆ ಒಳ್ಳೆಯ ನಿದರ್ಶನ 2010ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ನೀಡಿದ ತೀರ್ಪು. ದೆಹಲಿಯ ದಂಪತಿ ಪರಸ್ಪರ ಒಪ್ಪಿಗೆಯಿಂದ ಬೇರೆಯಾಗಿದ್ದರು. ಮಗ ತಾಯಿಯ ಬಳಿ ಇರುವುದು, ತಂದೆ ಬಂದು ನೋಡುವುದು ಎಂದು ಕರಾರಾಗಿತ್ತು. ಅಷ್ಟರಲ್ಲಿ ತಾಯಿಗೆ ಆಸ್ಟ್ರೇಲಿಯದಲ್ಲಿ ಕೆಲಸ ಸಿಕ್ಕಿತು. ಒಪ್ಪಿಕೊಂಡ ಕರಾರನ್ನು ಈಗ ಮುರಿಯುವುದು ಸರಿಯೇ ಎಂಬುದು ತಂದೆಯ ಆಕ್ಷೇಪ. ಮಗುವಿನ ಪಾಲನೆಯ ಬಗೆಗಿನ ಆದೇಶ ಕಲ್ಲಿನ ಮೇಲೆ ಕೆತ್ತಿದ್ದಲ್ಲ, ಇಬ್ಬರೂ ಒಪ್ಪಿ ಬರೆದುಕೊಂಡಿದ್ದರೂ ಮಗು ಬೆಳೆದಂತೆ ಅದನ್ನು ಬದಲಿಸಬಹುದು ಎಂದಿತು ನ್ಯಾಯಾಲಯ. ತನ್ನ ವೃತ್ತಿಯಲ್ಲಿ ಬೆಳೆಯುವ ಹಕ್ಕು ತಾಯಿಗೂ ಇದೆ ಎಂದ ನ್ಯಾಯಮೂರ್ತಿಗಳು ಹುಡುಗನೊಡನೆ ತಾವೇ ಮಾತನಾಡಿ, ತಂದೆಯ ಭೇಟಿಗೆ ಹೊಸ ಏರ್ಪಾಡು ಮಾಡಿ, ಅವನನ್ನು ಕಳುಹಿಸಿಕೊಟ್ಟರು. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿ ಆರಂಭವಾದ ಇನ್ನೊಂದು ವ್ಯಾಜ್ಯದಲ್ಲೂ 2020ರ ಅಕ್ಟೋಬರ್‌ನಲ್ಲಿ ತಾಯಿಗೆ ಮಗನನ್ನು ಸಿಂಗಪುರಕ್ಕೆ ಕರೆದೊಯ್ಯಲು ಸುಪ್ರೀಂ ಕೋರ್ಟ್ ಅನುಮತಿ ನೀಡಿತು. ಮಗುವಿನ ಬೆಳವಣಿಗೆಯಲ್ಲಿ ತಂದೆ ತಾಯಿ ಇಬ್ಬರೂ ಇರಬೇಕು ಎಂಬ ತತ್ವವನ್ನು ಅದೇ ತೀರ್ಪಿನಲ್ಲಿ ಒತ್ತಿ ಹೇಳಿತು.

ಎರಡನೆಯ ಬಗೆ ಹೆಚ್ಚು ತೊಡಕಿನದು. ಸುಪ್ರೀಂ ಕೋರ್ಟಿನ ಮುಂದೆ ಅದು ಬಂದದ್ದು ಇಂದು ನಿನ್ನೆಯಲ್ಲ. ಇಂಗ್ಲೆಂಡಿನಲ್ಲಿ ಹುಟ್ಟಿದ ಬಾಲಕನೊಬ್ಬನನ್ನು ತಂದೆ ಭಾರತಕ್ಕೆ ಕರೆತಂದಿದ್ದ. 1984ರಲ್ಲಿ ಆಗಿನ ಮುಖ್ಯ ನ್ಯಾಯಮೂರ್ತಿ ವೈ.ವಿ. ಚಂದ್ರಚೂಡ್ ಅವರು ಬಾಲಕನನ್ನು ಇಂಗ್ಲೆಂಡಿನಲ್ಲಿದ್ದ ತಾಯಿಗೆ ಒಪ್ಪಿಸುವಂತೆ ತೀರ್ಪಿತ್ತರು. ಮೂರೂವರೆ ದಶಕಗಳ ನಂತರ ಬೆಂಗಳೂರಿನ ಮಗುವೊಂದರ ಪ್ರಕರಣ ಬಂದಾಗ ಅದನ್ನು ಆಲಿಸಿದ ಪೀಠದ ನೇತೃತ್ವ ಅವರ ಪುತ್ರ ಡಿ.ವೈ. ಚಂದ್ರಚೂಡ್ ಅವರದ್ದಾಗಿತ್ತು ಎಂಬುದು ಸ್ವಾರಸ್ಯದ ಸಂಗತಿ. ತಂದೆಯ ಕಾಲದ ಪ್ರಶ್ನೆ ಮಗನ ಕಾಲಕ್ಕೂ ಪ್ರಶ್ನೆಯಾಗಿಯೇ ಉಳಿದಿತ್ತು.

ಅಠಾರ ಕಚೇರಿಯ ಎರಡು ಮೊಕದ್ದಮೆ

ಬೆಂಗಳೂರಿನ ಆ ಪ್ರಕರಣದ ಮಗು ಹುಟ್ಟಿದ್ದು ಅಮೆರಿಕದ ನ್ಯೂಜೆರ್ಸಿಯಲ್ಲಿ. 2019ರ ಮಾರ್ಚ್‌ನಲ್ಲಿ ತಾಯಿಯ ಜೊತೆ ಇಲ್ಲಿಗೆ ಬಂದಾಗ ಅದಕ್ಕೆ ಎರಡು ವರ್ಷ ದಾಟಿತ್ತಷ್ಟೆ. ಮಗು ಮರಳದಿದ್ದಾಗ ತಂದೆ ಅಲ್ಲಿನ ನ್ಯಾಯಾಲಯದಿಂದ ಆದೇಶ ಪಡೆದು, ಇಲ್ಲಿ ಅಠಾರ ಕಚೇರಿ ಎಂದೇ ಹೆಸರಾದ ನಮ್ಮ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ ಹಾಕಿದರು. ಅಕ್ರಮ ಬಂಧನದಲ್ಲಿರುವವರನ್ನು ನ್ಯಾಯಾಲಯದ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿ ಅದು. ಹೆತ್ತ ತಾಯಿಯ ಮಡಿಲಲ್ಲಿರುವ ಮಗುವಿಗೆ ಬಂಧನ ಎಂಬ ಮಾತೇ ವಿಚಿತ್ರವಾಗಿ ಕೇಳಿಸಬಹುದು. ಆದರೆ ದೇಶ ದಾಟಿ ಬಂದ ಮಕ್ಕಳ ವಿಷಯದಲ್ಲಿ ಬೇಗ ತೀರ್ಮಾನ ಸಿಗುವ ದಾರಿಯೆಂದು ತಂದೆತಾಯಂದಿರು ಹಿಡಿಯುವುದು ಇದನ್ನೇ.

ಮಗು ಅಮೆರಿಕಕ್ಕೆ ಮರಳುವುದೇ ಅದರ ಹಿತಕ್ಕೆ ಒಳ್ಳೆಯದು ಎಂದು ಹೈಕೋರ್ಟ್ ತೀರ್ಮಾನಿಸಿತು. ಅದು 2020, ಕೊರೊನಾ ಕಾಲ. ಮಗುವಿನ ಪ್ರಯಾಣಕ್ಕೆ ಪರಿಸ್ಥಿತಿ ಸುರಕ್ಷಿತ ಎಂದು ಇಲ್ಲಿಯ ಆರೋಗ್ಯಾಧಿಕಾರಿಗಳಿಂದಲೂ ಅಲ್ಲಿಯ ವೈದ್ಯಾಧಿಕಾರಿಗಳಿಂದಲೂ ಪ್ರಮಾಣಪತ್ರ ತರಬೇಕೆಂದು ಷರತ್ತು ಹಾಕಿತು. ಸಾಂಕ್ರಾಮಿಕದ ನಡುವೆ ಅಂಥ ಪತ್ರ ಕೊಡುವವರು ಯಾರು? ಮರಳುವುದೇ ಹಿತ ಎಂದ ಮೇಲೆ ಆ ಹಿತವನ್ನು ಈಡೇರದ ಷರತ್ತಿಗೆ ಕಟ್ಟಿಹಾಕುವುದು ಸಲ್ಲದು ಎಂದು 2020ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಆ ಷರತ್ತುಗಳನ್ನು ತೆಗೆದುಹಾಕಿತು.

ಎರಡನೆಯ ಮೊಕದ್ದಮೆಯ ಹುಡುಗ ಹುಟ್ಟಿ ಬೆಳೆದದ್ದೂ ಅಮೆರಿಕದಲ್ಲೇ. 2020ರ ಮಾರ್ಚ್‌ನಲ್ಲಿ ತಾಯಿಯೊಂದಿಗೆ ಭಾರತಕ್ಕೆ ಬಂದಾಗ ಅವನಿಗೆ ಒಂಬತ್ತು ವರ್ಷ. ತಂದೆ ವಾಷಿಂಗ್ಟನ್ ರಾಜ್ಯದ ನ್ಯಾಯಾಲಯದಿಂದ ಮಗನನ್ನು ಮರಳಿಸುವ ಆದೇಶ ಪಡೆದು ಕರ್ನಾಟಕ ಹೈಕೋರ್ಟಿಗೆ ಬಂದರು. ಹೈಕೋರ್ಟ್ ಹುಡುಗನನ್ನು ಮಾತನಾಡಿಸಿತು. ಇಲ್ಲಿ ಚೆನ್ನಾಗಿದ್ದೇನೆ ಎಂದ ಅವನ ಮಾತಿಗೆ ಬೆಲೆ ಕೊಟ್ಟು ತಂದೆಯ ಅರ್ಜಿಯನ್ನು ವಜಾ ಮಾಡಿತು. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ಇದನ್ನು ತಿರುಗಿಸಿತು. ಮಗುವಿನ ಇಷ್ಟ ಏನು ಎಂಬುದು ಒಂದು ಪ್ರಶ್ನೆ, ಮಗುವಿನ ಹಿತ ಏನು ಎಂಬುದು ಬೇರೆಯೇ ಪ್ರಶ್ನೆ. ಮೊದಲನೆಯದನ್ನು ಮಗುವನ್ನು ಕೇಳಿ ತಿಳಿಯಬಹುದು, ಎರಡನೆಯದನ್ನು ಎಲ್ಲ ಸಂಗತಿಗಳನ್ನು ತೂಗಿ ನೋಡಿ ನ್ಯಾಯಾಲಯವೇ ನಿರ್ಧರಿಸಬೇಕು ಎಂಬುದು ತೀರ್ಪಿನ ತಿರುಳು. ಅಲ್ಲಿನ ಭಾಷೆ, ಶಾಲೆ, ರೀತಿನೀತಿಗಳಲ್ಲೇ ಬೆಳೆದ ಹುಡುಗ ಅಲ್ಲಿಗೇ ಮರಳಬೇಕೆಂದು ಆದೇಶವಾಯಿತು.

ಹಾಗಾದರೆ ಹೊರದೇಶದ ನ್ಯಾಯಾಲಯ ಹೇಳಿದರೆ ಮಗು ಹೋಗಲೇಬೇಕೇ? ಹಾಗೇನೂ ಇಲ್ಲ. 1997ರ ಒಂದು ತೀರ್ಪಿನಲ್ಲಿ ಇದೇ ಸುಪ್ರೀಂ ಕೋರ್ಟ್ ಹುಡುಗನೊಬ್ಬನನ್ನು ಅಮೆರಿಕಕ್ಕೆ ಕಳುಹಿಸಲು ಒಪ್ಪಲಿಲ್ಲ. ಹಸುಗೂಸಾಗಿದ್ದಾಗ ತಾಯಿ ಕರೆತಂದಿದ್ದ ಅವನು ಹನ್ನೆರಡು ವರ್ಷಕ್ಕೂ ಹೆಚ್ಚು ಕಾಲ ಇಲ್ಲಿಯೇ ಬೆಳೆದಿದ್ದ. 2017ರಲ್ಲಿ ಹೃದಯದ ತೊಂದರೆಯಿದ್ದ ಬಾಲಕಿಯೊಬ್ಬಳನ್ನು ಬ್ರಿಟನ್‌ಗೆ ಮರಳಿಸುವ ಬದಲು ತಾಯಿಯ ಬಳಿಯೇ ಉಳಿಸಿತು. ವಿದೇಶಿ ನ್ಯಾಯಾಲಯದ ಆದೇಶಕ್ಕೆ ಗೌರವವಿದೆ, ಆದರೆ ಅದು ತೂಗಿ ನೋಡಬೇಕಾದ ಸಂಗತಿಗಳಲ್ಲಿ ಒಂದು ಮಾತ್ರ ಎಂದು ಮೂವರು ನ್ಯಾಯಮೂರ್ತಿಗಳ ಪೀಠ ಆಗ ಸ್ಪಷ್ಟಪಡಿಸಿತು.

ಈ ತೀರ್ಪುಗಳನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಗೊಂದಲವೆನಿಸಬಹುದು. ಒಂದು ಮಗು ಹೋಯಿತು, ಇನ್ನೊಂದು ಉಳಿಯಿತು. ಆದರೆ ಒಳಗಿನ ಲೆಕ್ಕ ರೈತನಿಗೆ ಸುಲಭವಾಗಿ ಅರ್ಥವಾಗುವಂಥದ್ದು. ಸಸಿ ಎಲ್ಲಿ ಬೇರು ಬಿಟ್ಟಿದೆ? ಒಂಬತ್ತು ವರ್ಷ ಅಲ್ಲಿ, ಎರಡು ವರ್ಷ ಇಲ್ಲಿ ಕಳೆದ ಹುಡುಗನ ಬೇರು ಅಲ್ಲಿ. ಕೆಲವು ತಿಂಗಳು ಅಲ್ಲಿ, ಹನ್ನೆರಡು ವರ್ಷ ಇಲ್ಲಿ ಕಳೆದವನ ಬೇರು ಇಲ್ಲಿ. ತಪ್ಪು ಯಾರದು, ಮೊದಲು ಮನೆ ಬಿಟ್ಟವರು ಯಾರು ಎಂಬುದಕ್ಕಿಂತ ಈ ಬೇರಿನ ಪ್ರಶ್ನೆಯೇ ದೊಡ್ಡದು.

ತೊಡಕಿರುವುದೂ ಇಲ್ಲಿಯೇ. ಬೇರು ಸುಮ್ಮನೆ ಇರುವುದಿಲ್ಲ, ದಿನವೂ ಇಳಿಯುತ್ತಿರುತ್ತದೆ. ವಾಯಿದೆಯ ಮೇಲೆ ವಾಯಿದೆ ಬೀಳುತ್ತಿದ್ದಂತೆ ಮಗು ಹೊಸ ಶಾಲೆಗೆ ಸೇರುತ್ತದೆ, ಹೊಸ ಭಾಷೆ ಕಲಿಯುತ್ತದೆ, ಅಜ್ಜಿಯ ಕೈತುತ್ತಿಗೆ ಒಗ್ಗುತ್ತದೆ. ತೀರ್ಪು ಬರುವ ಹೊತ್ತಿಗೆ ಪ್ರಶ್ನೆಯೇ ಬದಲಾಗಿರುತ್ತದೆ. ನ್ಯಾಯಾಧೀಶರಿಗಿಂತ ಮೊದಲು ಕ್ಯಾಲೆಂಡರ್ ತೀರ್ಪು ಕೊಟ್ಟುಬಿಡುವ ಅಪಾಯವಿದು. ಇದನ್ನು ಬಲ್ಲ ಒಂದು ಪಕ್ಷ ಕಾಲ ತಳ್ಳಲು ನೋಡಬಹುದು. ಇದನ್ನರಿಯದ ಇನ್ನೊಂದು ಪಕ್ಷ ಸಂಧಾನದ ಆಸೆಯಲ್ಲಿ ವರ್ಷ ಕಳೆದುಕೊಳ್ಳಬಹುದು.

ಒಪ್ಪಂದದ ಹೊರಗೆ ಭಾರತ

ಕಾಲ ಓಡುವ ಈ ತೊಂದರೆಗೆ ಜಗತ್ತು ಕಂಡುಕೊಂಡ ಒಂದು ಪರಿಹಾರ ಹೇಗ್ ಒಪ್ಪಂದ. ನೆದರ್‌ಲೆಂಡ್ಸ್‌ನ ಹೇಗ್ ನಗರದಲ್ಲಿ 1980ರ ಅಕ್ಟೋಬರ್ 25ರಂದು ರೂಪುಗೊಂಡ ಇದು 1983ರ ಡಿಸೆಂಬರ್‌ನಿಂದ ಜಾರಿಯಲ್ಲಿದೆ. ಇದರ ತರ್ಕ ಸರಳ. 16 ವರ್ಷದೊಳಗಿನ ಮಗುವನ್ನು ವಾಡಿಕೆಯ ವಾಸದ ದೇಶದಿಂದ ಇನ್ನೊಬ್ಬರ ಹಕ್ಕನ್ನು ಮೀರಿ ಕರೆದೊಯ್ದಿದ್ದರೆ, ಒಂದು ವರ್ಷದೊಳಗೆ ಅರ್ಜಿ ಬಂದಲ್ಲಿ ಮಗುವನ್ನು ಕೂಡಲೇ ಮರಳಿಸಬೇಕು. ಪಾಲನೆ ಯಾರಿಗೆ ಎಂಬುದನ್ನು ಆ ದೇಶದ ನ್ಯಾಯಾಲಯವೇ ನಿರ್ಧರಿಸಲಿ. ವರ್ಷ ಕಳೆದು ಮಗು ಹೊಸ ಜಾಗದಲ್ಲಿ ನೆಲೆಯೂರಿದ್ದರೆ, ಅಥವಾ ಮರಳಿದರೆ ಅದಕ್ಕೆ ಗಂಭೀರ ಅಪಾಯವಿದ್ದರೆ ವಿನಾಯಿತಿಯುಂಟು. ನೂರಕ್ಕೂ ಹೆಚ್ಚು ದೇಶಗಳು ಇದಕ್ಕೆ ಸೇರಿವೆ. ನೆರೆಯ ಶ್ರೀಲಂಕಾ ಮತ್ತು ಪಾಕಿಸ್ತಾನಗಳೂ ಸೇರಿವೆ. ಭಾರತ ಸೇರಿಲ್ಲ.

ಸೇರಬೇಕೆಂಬ ಸಲಹೆ ಇಲ್ಲದಿಲ್ಲ. ಕಾನೂನು ಆಯೋಗ 2009ರ ತನ್ನ 218ನೇ ವರದಿಯಲ್ಲೇ ಹಾಗೆಂದಿತ್ತು. 2016ರಲ್ಲಿ ಮಸೂದೆಯ ಕರಡೂ ಸಿದ್ಧವಾಯಿತು. ಅದೇ ವರ್ಷ ಆಯೋಗ ತನ್ನ 263ನೇ ವರದಿಯಲ್ಲಿ ಅದನ್ನು ತಿದ್ದಿ ಕೊಟ್ಟಿತು. ನ್ಯಾಯಮೂರ್ತಿ ರಾಜೇಶ್ ಬಿಂದಾಲ್ ಸಮಿತಿ 2018ರ ಏಪ್ರಿಲ್‌ನಲ್ಲಿ ವರದಿ ಒಪ್ಪಿಸಿ, ಇಂಥ ವ್ಯಾಜ್ಯಗಳಿಗೆಂದೇ ಪ್ರತ್ಯೇಕ ಪ್ರಾಧಿಕಾರ ಇರಲಿ ಎಂದು ಸೂಚಿಸಿತು. ಆದರೆ ಮಸೂದೆ ಕಾಯ್ದೆಯಾಗಲಿಲ್ಲ.

ಹಿಂಜರಿಕೆಗೆ ಬಲವಾದ ಕಾರಣವಿದೆ. ಮಗುವನ್ನು ಕರೆದುಕೊಂಡು ಹೊರಡುವವರಲ್ಲಿ ಹೆಚ್ಚಿನವರು ತಾಯಂದಿರು ಎಂಬುದು ಒಪ್ಪಂದಕ್ಕೆ ಸೇರಿದ ದೇಶಗಳ ಅನುಭವ. ಗಂಡನ ವೀಸಾದ ಆಸರೆಯಲ್ಲಿ ಹೋದ ಹೆಣ್ಣುಮಗಳನ್ನು ಕಲ್ಪಿಸಿಕೊಳ್ಳಿ. ದುಡಿಯಲು ಅನುಮತಿಯಿಲ್ಲ, ಬ್ಯಾಂಕ್ ಖಾತೆ ಗಂಡನದ್ದು, ಅಕ್ಕಪಕ್ಕದಲ್ಲಿ ತನ್ನವರಿಲ್ಲ. ಅಮೆರಿಕದಲ್ಲಿ ಅಂಥವರ ಪೈಕಿ ಕೆಲವರಿಗೆ ಕೆಲಸದ ಅನುಮತಿ ದೊರೆತದ್ದು 2015ರಿಂದ ಈಚೆಗೆ. ಮನೆಯಲ್ಲಿ ಹೊಡೆತ ಬಡಿತವಿದ್ದರೆ ಅವಳು ಮಗುವನ್ನೆತ್ತಿಕೊಂಡು ತವರಿಗೆ ಬರದೆ ಇನ್ನೆಲ್ಲಿಗೆ ಹೋಗಬೇಕು? ಮಗುವನ್ನು ಕೂಡಲೇ ಮರಳಿಸಿ ಎಂದರೆ ಅವಳನ್ನೂ ಆ ಮನೆಯ ಬಾಗಿಲಿಗೇ ಮರಳಿಸಿದಂತೆ ಎನ್ನುವವರ ಮಾತನ್ನು ತಳ್ಳಿಹಾಕಲಾಗದು.

ಇನ್ನೊಂದು ಮುಖವೂ ಇದೆ. ಸಂಜೆ ಕೆಲಸದಿಂದ ಬಂದು ನೋಡಿದರೆ ಮನೆ ಖಾಲಿ, ಮಗುವಿನ ಆಟಿಕೆ ನೆಲದ ಮೇಲೆ, ಮಗು ಸಾವಿರಾರು ಮೈಲಿ ದೂರದಲ್ಲಿ. ಹೀಗೆ ಕಂಗಾಲಾದ ತಂದೆಯರಿದ್ದಾರೆ, ತಾಯಂದಿರೂ ಇದ್ದಾರೆ. 1986ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ನಿಂತಿದ್ದವಳು ಅಮೆರಿಕದ ಮಿಷಿಗನ್‌ನ ತಾಯಿ. ಆಕೆಯ ಮಗನನ್ನು ತಂದೆ ಹೇಳದೆ ಕೇಳದೆ ಪುಣೆಗೆ ಕರೆತಂದಿದ್ದ. ಮಗನನ್ನು ತಾಯಿಗೆ ಒಪ್ಪಿಸಲು ಆಗ ಆದೇಶವಾಯಿತು. ಒಪ್ಪಂದ ಇಲ್ಲದಿರುವುದು ಒಬ್ಬ ತಾಯಿಗೆ ರಕ್ಷೆಯಾದರೆ ಇನ್ನೊಬ್ಬ ತಾಯಿಗೆ ಗೋಡೆಯಾಗಬಹುದು.

ಹೊರಡುವ ಮುನ್ನ

ಒಪ್ಪಂದ ಇರಲಿ ಬಿಡಲಿ, ವಿಮಾನ ಏರುವ ಮೊದಲು ಮಾಡಿಕೊಂಡ ಏರ್ಪಾಡು ಏರಿದ ಮೇಲೆ ತಂದ ಆದೇಶಕ್ಕಿಂತ ಗಟ್ಟಿ. ಹದಿನೆಂಟು ತುಂಬದ ಮಗುವಿನ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ತಂದೆ ತಾಯಿ ಇಬ್ಬರ ಒಪ್ಪಿಗೆ ಬೇಕು. ಒಬ್ಬರ ಒಪ್ಪಿಗೆ ಸಿಗದಿದ್ದರೆ ಅರ್ಜಿ ಹಾಕುವವರು ಅದಕ್ಕೆ ಪ್ರತ್ಯೇಕ ಘೋಷಣೆ ಕೊಡಬೇಕು. ಆದರೆ ಪಾಸ್‌ಪೋರ್ಟ್ ಆಗಲೇ ಕೈಯಲ್ಲಿದ್ದರೆ ಈ ಬೇಲಿ ಕೆಲಸಕ್ಕೆ ಬಾರದು. ಮಗುವನ್ನು ಹೇಳದೆ ಕರೆದೊಯ್ಯುವ ಭಯವಿದ್ದವರು ಕೌಟುಂಬಿಕ ನ್ಯಾಯಾಲಯದಲ್ಲಿ ಮೊದಲೇ ತಡೆಯಾಜ್ಞೆ ಕೋರಬಹುದು, ಪಾಸ್‌ಪೋರ್ಟನ್ನು ನ್ಯಾಯಾಲಯದ ವಶದಲ್ಲಿಡಲು ಕೇಳಬಹುದು.

ಹೋಗಲು ಅನುಮತಿ ಸಿಕ್ಕಾಗಲೂ ಅದು ಬರಿಗೈಯ ಅನುಮತಿಯಲ್ಲ. ವಾರಕ್ಕೆ ಇಷ್ಟು ಸಲ ವಿಡಿಯೊ ಕರೆ, ರಜೆಯಲ್ಲಿ ಇಷ್ಟು ದಿನ ಇಲ್ಲಿ ವಾಸ, ಟಿಕೆಟ್ಟಿನ ಖರ್ಚು ಯಾರದು, ಶಾಲೆಯ ವರದಿ ಯಾರಿಗೆ ಎಂಬುದನ್ನೆಲ್ಲ ಬರೆದು, ಮುಚ್ಚಳಿಕೆ ಪಡೆದು ಕಳುಹಿಸುವುದು ರೂಢಿ. ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯಗಳಿರುವ ನ್ಯಾಯದೇಗುಲದ ಕಟ್ಟಡದಲ್ಲೇ 2007ರಿಂದ ಮಧ್ಯಸ್ಥಿಕೆ ಕೇಂದ್ರವೂ ಇದೆ. ಇಂಥ ವಿವರಗಳು ವಾದ ಪ್ರತಿವಾದಕ್ಕಿಂತ ಮೇಜಿನ ಸುತ್ತ ಕೂತು ಮಾತಾಡಿದರೆ ಬೇಗ ಬಗೆಹರಿಯುತ್ತವೆ.

ಮುಚ್ಚಳಿಕೆ ಬರೆದವರು ಗಡಿ ದಾಟಿದ ಮೇಲೆ ಮಾತು ತಪ್ಪಿದರೆ? ಇದಕ್ಕೆ ನ್ಯಾಯಾಲಯಗಳು ಬಳಸುವ ಉಪಾಯ 'ಮಿರರ್ ಆರ್ಡರ್'. ಇಲ್ಲಿಯ ಆದೇಶವನ್ನು ಕನ್ನಡಿಯಲ್ಲಿ ಕಂಡಂತೆ ಆ ದೇಶದ ನ್ಯಾಯಾಲಯದಿಂದಲೂ ಪಡೆದು, ಎರಡೂ ಕಡೆ ಅದು ನಡೆಯುವಂತೆ ಮಾಡುವುದು. ಇದೂ ಪೂರ್ತಿ ಭದ್ರವಲ್ಲ ಎಂಬುದಕ್ಕೆ ಕೀನ್ಯಾದ ಪ್ರಕರಣವೇ ಸಾಕ್ಷಿ. 2020ರಲ್ಲಿ ದೆಹಲಿಯ ಬಾಲಕನೊಬ್ಬನ ಪಾಲನೆಯನ್ನು ಸುಪ್ರೀಂ ಕೋರ್ಟ್ ಕೀನ್ಯಾದಲ್ಲಿದ್ದ ತಂದೆಗೆ ಕೊಟ್ಟಿತು. ನೈರೋಬಿಯ ನ್ಯಾಯಾಲಯದಿಂದ ಅಂಥ ಆದೇಶ ತರಬೇಕು, ತಾಯಿಗೆ ಭೇಟಿಯ ಅವಕಾಶ ಕೊಡಬೇಕು ಎಂಬ ಷರತ್ತುಗಳಿದ್ದವು. ತಂದೆ ಮಾತಿಗೆ ತಪ್ಪಿದ. 2021ರಲ್ಲಿ ನ್ಯಾಯಾಲಯ ತನ್ನ ಆದೇಶವನ್ನೇ ಹಿಂದಕ್ಕೆ ಪಡೆಯಿತು. 2022ರಲ್ಲಿ ನ್ಯಾಯಾಂಗ ನಿಂದನೆಗಾಗಿ ಅವನಿಗೆ ಆರು ತಿಂಗಳ ಸೆರೆ, 25 ಲಕ್ಷ ರೂಪಾಯಿ ದಂಡ ವಿಧಿಸಿತು. ಶಿಕ್ಷೆಯ ಆದೇಶ ದೆಹಲಿಯಲ್ಲಿ ಆಯಿತು, ಮಗು ಇದ್ದದ್ದು ಕಡಲಾಚೆ.

ಮರಳುವ ಮಗುವಿನ ಜೊತೆ ತಾಯಿಯೂ ಹೋಗಲೇಬೇಕೆಂದು ನ್ಯಾಯಾಲಯ ಬಲವಂತ ಮಾಡುವಂತಿಲ್ಲ ಎಂದು 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲಿ ಬದುಕಬೇಕೆಂಬುದು ಅವಳ ಸ್ವಂತ ವಿಷಯ. ಕೇಳಲು ಇದು ಸ್ವಾತಂತ್ರ್ಯ. ಆದರೆ ಮಗುವಿನ ಜೊತೆ ಹೋಗುವುದೋ, ಮಗುವನ್ನು ಬಿಟ್ಟು ಉಳಿಯುವುದೋ ಎಂದು ಆಯ್ದುಕೊಳ್ಳಬೇಕಾದವಳಿಗೆ ಅದರ ಭಾರ ಗೊತ್ತು.

ಈ ವ್ಯಾಜ್ಯಗಳಲ್ಲಿ ಹೆಸರಿಲ್ಲದ ಪಕ್ಷಗಾರರೂ ಇದ್ದಾರೆ. ಅಮ್ಮ ನೌಕರಿಗೆ ಹೋದಾಗ ಮಗುವಿಗೆ ಉಣಿಸಿ, ಶಾಲೆಯ ವ್ಯಾನಿಗೆ ಹತ್ತಿಸಿ, ಸಂಜೆ ಕಾದು ನಿಲ್ಲುವ ಅಜ್ಜ ಅಜ್ಜಿಯರು ಅವರು. ಅರ್ಜಿಯಲ್ಲಿ ವಾದಿಯಾಗಲಿ ಪ್ರತಿವಾದಿಯಾಗಲಿ ಅವರಲ್ಲ. ಆದರೆ ಆದೇಶದ ದಿನ ಬಟ್ಟೆಬರೆ ಮಡಿಸಿ ಮಗುವಿನ ಪೆಟ್ಟಿಗೆ ಕಟ್ಟುವವರು ಬಹಳ ಸಲ ಅವರೇ.

ಬಾಗಲೂರಿನ ಬಸ್ ನಿಲ್ದಾಣದಲ್ಲಿ ಹಿರಿಯರು ಮುಂದೆಯೂ ಕೇಳುತ್ತಾರೆ, ಯಾವೂರು ಎಂದು. ಎರಡು ಊರಿನ ಹೆಸರು ಹೇಳುವ ಮಗುವಿಗೆ ಎರಡೂ ಕಡೆ ಬಾಗಿಲು ತೆರೆದಿರಬೇಕು. ಕಾನೂನು ತಡವರಿಸಬಹುದು, ಒಪ್ಪಂದ ಬರಬಹುದು, ಬಾರದಿರಬಹುದು. ಒಂದು ಬಾಗಿಲನ್ನು ಮುಚ್ಚದೆ ಇಡುವ ಕೆಲಸ ಮಾತ್ರ ಆ ಮಗುವನ್ನು ಹೆತ್ತ ಇಬ್ಬರದು.